ಕಾಯುವವರಿಲ್ಲದವನ ದೋಣಿ

ನಾನು ಆ ಹಳೇ ಗಾಳದ ಬೋಟನ್ನು ಕೊಂಡಾಗ ನಮ್ಮ ಊರಿನವರು ನಕ್ಕಿದ್ದು ಅದು ಹಳೆಯದೆಂದಲ್ಲ, ಅದರೊಳಗೆ ಮಲಗಲು ಎರಡು ಮಂಚಗಳಿವೆ ಎಂದು. ನಮ್ಮ ಊರಿನಲ್ಲಿ ಬೋಟಿನಲ್ಲಿ ಯಾರೂ ಮಲಗುವುದಿಲ್ಲ. ಬೆಳಗ್ಗೆ ಹೊರಟು ಎಷ್ಟು ದೂರ ಹೋಗಿದ್ದರೂ, ಮನೆಗಳಲ್ಲಿ ದೀಪ ಹಚ್ಚುವ ಹೊತ್ತಾಯಿತೆಂದರೆ ಬೋಟು ತಾನಾಗಿಯೇ ತಿರುಗುತ್ತದೆ. ಚುಕ್ಕಾಣಿ ಕೈಯಲ್ಲಿ ಸಡಿಲವಾಗುತ್ತದೆ, ಮೂತಿ ನಿಧಾನವಾಗಿ ದಡದ ಕಡೆ ಬರುತ್ತದೆ, ಆಮೇಲೆ ನೀವು ಎಷ್ಟು ತಿರುವಿದರೂ ಅದು ಕೇಳುವುದಿಲ್ಲ. ಎಂಜಿನ್ ಆರಿಸಿದರೆ ತೇಲಿಕೊಂಡಾದರೂ ಬರುತ್ತದೆ, ತಡವಾಗುತ್ತದೆ ಅಷ್ಟೆ. ಬೋಟಿನಲ್ಲಿರುವ ಒಬ್ಬನಿಗಾದರೂ ದಡದಲ್ಲಿ ಕಾಯುವವರಿದ್ದರೆ ಸಾಕು, ಅದು ಮುಂದೆ ಹೋಗುವುದಿಲ್ಲ.

ಇದಕ್ಕೆ ಹೊಂದಿಕೊಂಡೇ ನಮ್ಮ ಬದುಕು ನಡೆದಿದೆ. ಹೆಂಗಸರು ಸಮುದ್ರದ ಕಡೆ ನೋಡದೆಯೇ ಅಕ್ಕಿ ತೊಳೆದು ಒಲೆಯ ಮೇಲೆ ಇಡುತ್ತಾರೆ. ಕಂಬಳಿ, ದಿಂಬು ಯಾವ ಬೋಟಿನಲ್ಲೂ ಇರುವುದಿಲ್ಲ. ಗುಟ್ಟು ಮಾತ್ರ ಒಂದೂ ಉಳಿಯುವುದಿಲ್ಲ. ಹೊಸದಾಗಿ ಮದುವೆಯಾದವನೊಬ್ಬ ಒಬ್ಬನೇ ಹೋಗಿದ್ದಾಗ ಅವನ ಬೋಟು ಉಳಿದವರೆಲ್ಲ ಬಂದು ಉಂಡು ಮುಗಿಸಿದ ಮೇಲೆ ಬಂತು. ಮರುದಿನ ನಲ್ಲಿಯ ಹತ್ತಿರ ಊರಿನ ಹೆಂಗಸರೆಲ್ಲ ಸೇರಿ ಅವನ ಹೆಂಡತಿಗೆ ಬುದ್ಧಿ ಹೇಳಿದರು. ದೂರ ಹೋಗಲೇಬೇಕಾದವರು ಹೊರಡುವ ಮೊದಲು ಮನೆಯವರ ಜೊತೆ ದಡದ ಮೇಲೆ ನಿಂತು ಜಗಳವಾಡುತ್ತಾರೆ. ಇದಕ್ಕೆ ನಾವು ಮುನಿಸು ಕಟ್ಟುವುದು ಎನ್ನುತ್ತೇವೆ. ಹಳೆಯ ಸಿಟ್ಟನ್ನೆಲ್ಲ ಕೆದಕಿ, ‘ಹೋಗು, ಇನ್ನು ಈ ಹೊಸ್ತಿಲು ತುಳಿಯಬೇಡ’ ಎಂದು ಹೇಳಿಸಿಕೊಂಡು ಬೋಟು ಹತ್ತುತ್ತಾರೆ. ಹೆಚ್ಚಿನವರು ಅದೇ ಸಂಜೆ ಪೆಚ್ಚುಮೋರೆ ಹಾಕಿಕೊಂಡು ವಾಪಸು ಬರುತ್ತಾರೆ. ಬಾಯಲ್ಲಿ ಬೈದವರು ಒಳಗೊಳಗೇ ಕಾಯುತ್ತಿರುತ್ತಾರಲ್ಲ, ಏನು ಮಾಡುವುದು?

ನನ್ನ ಹೆಸರು ವಾಮನ. ಪ್ರಾಯದಿಂದ ತಲೆ ನರೆಯುವವರೆಗೂ ಬೇರೆಯವರ ಬೋಟುಗಳಿಗೆ ತಂಡೇಲನಾಗಿದ್ದೆ, ಅಂದರೆ ಚುಕ್ಕಾಣಿ ಹಿಡಿದು ನಡೆಸುವವನು. ಇಷ್ಟು ಕಾಲ ನೀರಿನ ಮೇಲೆಯೇ ಬದುಕಿದವನು ದೀಪದ ಹೊತ್ತಿನ ಆಚೆಗಿನ ಸಮುದ್ರವನ್ನು ಒಂದು ದಿನವೂ ನೋಡಿಲ್ಲವೆಂದರೆ ಹೊರಗಿನವರು ನಂಬುವುದಿಲ್ಲ. ಜಲಜ ಇದ್ದಾಗ ಅದೊಂದು ಕೊರತೆಯೆಂದು ನನಗೆ ಅನಿಸಿರಲೇ ಇಲ್ಲ. ಜಲಜ ನನ್ನ ಹೆಂಡತಿ. ಹಿಂದಿನ ಮಳೆಗಾಲಕ್ಕಿಂತ ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ನಮಗೆ ಮಕ್ಕಳಿಲ್ಲ. ಅಣ್ಣ ತಮ್ಮ ಎನ್ನುವವರೂ ಇಲ್ಲ. ಅವಳು ಹೋದ ಮೇಲೆ ನಾನು ತಂಡೇಲನ ಕೆಲಸ ಬಿಟ್ಟೆ. ಸಂಜೆ ಬೋಟು ತಿರುಗಿದಾಗಲೆಲ್ಲ ಅದು ಉಳಿದವರಿಗಾಗಿ ತಿರುಗುತ್ತಿದೆ, ನನಗಾಗಿ ಅಲ್ಲ ಎಂದು ತಿಳಿದುಕೊಂಡು ಚುಕ್ಕಾಣಿ ಹಿಡಿದು ನಿಲ್ಲುವುದು ನನ್ನಿಂದ ಆಗಲಿಲ್ಲ.

ಇನ್ನು ಉಳಿದವರೆಂದರೆ ನನ್ನ ಅತ್ತೆ, ಜಲಜಳ ತಾಯಿ ಮುಕಾಂಬು. ಅವರಿಗೂ ಜಲಜಳನ್ನು ಬಿಟ್ಟರೆ ಬೇರೆ ಮಕ್ಕಳಿರಲಿಲ್ಲ. ಒಂದೇ ಮನೆ, ನಡುವೆ ಒಂದು ಗೋಡೆ, ಎರಡು ಬಾಗಿಲು, ಎರಡು ಒಲೆ. ಮಗಳು ಬದುಕಿರುವಷ್ಟು ದಿನ ಬಾಗಿಲ ಹಿಂದೆ ನಿಂತು ನನ್ನನ್ನು ‘ನೀವು’ ಎಂದು ಮಾತಾಡಿಸುತ್ತಿದ್ದ ಹೆಂಗಸು, ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದದ್ದೇ ತಡ, ‘ನೀನು’ ಎಂದು ಶುರು ಮಾಡಿದರು. ಒಣಮೀನು ಮಾಡಿ ಮಾರುವುದು ಅವರ ಕಸುಬು. ಹಗಲೆಲ್ಲ ಹೊಯ್ಗೆಯ ಮೇಲೆ, ಅಂದರೆ ದಡದ ಮರಳಿನ ಮೇಲೆ, ಚಾಪೆ ಹಾಸಿ, ಉಪ್ಪು ಹಾಕಿದ ಮೀನು ಹರಡಿ, ಕಾಗೆಗಳ ಜೊತೆ ಜಗಳವಾಡುತ್ತಾರೆ. ಸಂಜೆ ಮನೆಗೆ ಬಂದ ಮೇಲೆ ನನ್ನ ಜೊತೆ. ಜಲಜಳನ್ನು ಆಸ್ಪತ್ರೆಗೆ ತಡವಾಗಿ ಕರೆದುಕೊಂಡು ಹೋದದ್ದು ನಾನು ಎಂದು ಅವರು, ಕಷಾಯ ಕೊಟ್ಟು ಕೊಟ್ಟು ತಡ ಮಾಡಿದ್ದು ನೀವು ಎಂದು ನಾನು. ಅಲ್ಲಿಂದ ಹೊರಟು ಅವಳಿಗೆ ಬಂಗುಡೆ ಮೀನು ಇಷ್ಟವಾಗಿತ್ತೋ ಬೂತಾಯಿಯೋ ಎನ್ನುವವರೆಗೂ ಹೋಗುತ್ತಿತ್ತು. ಗೋಡೆಯ ಈಚೆ ನಾನು, ಆಚೆ ಅವರು, ಗಂಟಲು ಒಣಗುವವರೆಗೆ.

ಇದರಿಂದ ತಪ್ಪಿಸಿಕೊಂಡು ದಕ್ಷಿಣದ ಕಡೆ ತಿಂಗಳುಗಟ್ಟಲೆ ಹೋಗಿಬಿಡಬೇಕು, ಯಾವ ಯಾವ ಬಂದರು ಉಂಟೋ ನೋಡಬೇಕು, ಕತ್ತಲಾದ ಮೇಲಿನ ನೀರು ಹೇಗಿರುತ್ತದೆಂದು ತಿಳಿಯಬೇಕು ಎಂದು ನನ್ನ ತಲೆಯಲ್ಲಿ ಹೊಕ್ಕಿತು. ಊರಿನವರು ಕೇಳಿದರೆ ಸ್ವಲ್ಪ ಜಂಬದಿಂದಲೇ ಹೇಳುತ್ತಿದ್ದೆ: "ನನಗೆ ಯಾರಿದ್ದಾರೆ? ನನ್ನ ಬೋಟು ತಿರುಗ್ಲಿಕ್ಕೆ ಕಾರಣವೇ ಇಲ್ಲ." ಈ ಊರಿನಲ್ಲಿ ಅಂಥ ಯೋಗ್ಯತೆ ಇದ್ದವನು ನಾನೊಬ್ಬನೇ ಎಂದು ನನಗೆ ತೋರಿತ್ತು.

ಬೋಟು ಸಿಕ್ಕಿದ್ದು ಪಕ್ಕದ ಬಂದರಿನಲ್ಲಿ. ಅಲ್ಲಿ ಶ್ರೀಮಂತರೊಬ್ಬರಿಗೆ ಗಾಳ ಹಾಕುವ ಶೋಕಿ ಇತ್ತಂತೆ. ದೊಡ್ಡ ಮೀನು ಹಿಡಿಯುವುದು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದು, ಮತ್ತೆ ನೀರಿಗೆ ಬಿಡುವುದು. ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ವಯಸ್ಸಾಗಿ ಮೆಟ್ಟಿಲು ಹತ್ತಲಾಗದೆ ಬೋಟು ತಾಡಪಾಲಿನ ಕೆಳಗೆ ಬಿದ್ದಿತ್ತು. ನೋಡಲು ನನ್ನ ಜೊತೆ ಬಂದವನು ಪಾಸ್ಕು, ನಮ್ಮ ಊರಿನ ಎಂಜಿನ್ ಮೇಸ್ತ್ರಿ, ನನ್ನ ವಯಸ್ಸಿನವನೇ. ಅವನು ಸುತ್ತಿಗೆಯ ಹಿಡಿಯಿಂದ ಬೋಟಿನ ಮೈಯನ್ನು ಉದ್ದಕ್ಕೂ ತಟ್ಟುತ್ತಾ ಹೋದ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗಿನ ಮರ ನೀರು ಕುಡಿದಿದ್ದರೆ ದಬ್ ಎನ್ನುತ್ತದೆ. ಹಿಂಭಾಗದ ಬುಡದಲ್ಲಿ ಒಂದು ಕಡೆ ಮಾತ್ರ ದಬ್ ಎಂದಿತು.

"ಮೈ ಒಳ್ಳೇದುಂಟು ಮಾರಾಯ. ಆದ್ರೆ ಈ ಎರಡು ಎಂಜಿನ್ ನೋಡು, ಪೆಟ್ರೋಲಿಂದು. ಗಾಳಿಯ ಹಾಗೆ ಓಡ್ತದೆ, ಮಧ್ಯಾಹ್ನದೊಳಗೆ ಟ್ಯಾಂಕು ಖಾಲಿ. ನಿಂಗೆ ಎಂತ ಬೇಕು, ಓಟವಾ ದೂರವಾ?"

"ದೂರ."

"ಹಾಗಾದ್ರೆ ಎರಡನ್ನೂ ಕಿತ್ತು ಬಿಸಾಡುವ. ಒಂದು ಡೀಸೆಲ್ ಕೂರಿಸುವ. ಎಮ್ಮೆಯ ಹಾಗೆ ಹೋಗ್ತದೆ, ಆದ್ರೆ ಹೋಗ್ತಾನೇ ಇರ್ತದೆ."

ಬೋಟನ್ನು ಎಳೆದು ತಂದು ನಮ್ಮ ಮನೆಯ ಎದುರಿನ ಹೊಯ್ಗೆಯ ಮೇಲೆ ಹತ್ತಿಸಿ, ಎರಡೂ ಬದಿಗೆ ತೆಂಗಿನ ದಿಮ್ಮಿ ಕೊಟ್ಟು ನಿಲ್ಲಿಸಿದೆವು. ಚಳಿಗಾಲವೆಲ್ಲ ಅದರ ಹೊಟ್ಟೆಯೊಳಗೇ ಕಳೆಯಿತು. ಹಳೆಯ ಎಂಜಿನ್ನುಗಳನ್ನು ಚೈನು ಕಪ್ಪಿ ಹಾಕಿ ಮೇಲಕ್ಕೆತ್ತಿದಾಗ ಅವುಗಳ ಕೆಳಗೆ ಗಾಳದ ಕೊಕ್ಕೆಗಳು, ಬಾಟಲಿಯ ಮುಚ್ಚಳಗಳು, ಯಾರದೋ ಕನ್ನಡಕ ಸಿಕ್ಕಿದವು. ಕೊಳೆತ ಮರವನ್ನು ಕೆತ್ತಿ ತೆಗೆದು ಹೊಸದನ್ನು ಇಟ್ಟು ಮೇಲೆ ಫೈಬರ್ ಬಳಿದೆವು. ಎರಡು ಎಂಜಿನ್ ಕೂತಿದ್ದ ಜಾಗದಲ್ಲಿ ಒಂದನ್ನು ಕೂರಿಸಲು ನಟ್ಟನಡುವೆ ಹೊಸ ಪೀಠ ಕಟ್ಟಬೇಕಾಯಿತು. ಗೇರ್‌ಬಾಕ್ಸು, ಶಾಫ್ಟು, ನೀರು ತಳ್ಳುವ ಫ್ಯಾನು ಎಲ್ಲವೂ ಒಂದೇ ಗೆರೆಯಲ್ಲಿ ಬರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಬೋಟು ನಡುಗುತ್ತದೆಂದು ಪಾಸ್ಕು ಹೊಟ್ಟೆಯ ಮೇಲೆ ಮಲಗಿ ದಿನಗಟ್ಟಲೆ ಅಳೆದ. ನೀರಿಗಿಳಿಸಿ ನೋಡಿದಾಗ ಹಿಂದಿನ ಭಾರ ಕಡಿಮೆಯಾಗಿ ಬೋಟು ಮೂತಿ ಬಗ್ಗಿಸಿತು, ಆಗ ನೀರಿನ ಟ್ಯಾಂಕನ್ನು ಹಿಂದಕ್ಕೆ ಸರಿಸಿದೆವು. ಮೊದಲು ತಂದ ಫ್ಯಾನು ದೊಡ್ಡದಾಗಿ ಎಂಜಿನ್ ಕಪ್ಪು ಹೊಗೆ ಕಾರಿತು, ಅದರ ಅಂಚನ್ನು ಕೊಯ್ದು ಸಣ್ಣದು ಮಾಡಿದೆವು. ನನಗೆ ಇಷ್ಟು ಖುಷಿಯಾಗಿ ಕೆಲಸ ಮಾಡಿದ ನೆನಪಿಲ್ಲ. ಕೈಗೆ ಗ್ರೀಸು ಮೆತ್ತಿಕೊಂಡಿರುವಾಗ ದುಃಖ ಹತ್ತಿರ ಬರುವುದಿಲ್ಲ ಎಂದಲ್ಲ, ಬಂದರೂ ಅದನ್ನು ಮುಟ್ಟಲು ಕೈ ಬಿಡುವಿರುವುದಿಲ್ಲ.

ಮುಕಾಂಬು ಅತ್ತೆ ಅಲ್ಲೇ ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದರು. ಬೋಟಿನ ಹಿಂಭಾಗದಲ್ಲಿ ದೊಡ್ಡ ಮೀನನ್ನು ಎಳೆಯುವಾಗ ಕೂರಲೆಂದು ತಿರುಗುವ ಕುರ್ಚಿಯೊಂದಿತ್ತು. ಅದನ್ನು ನೋಡಿದವರೇ, "ಇದೆಂತದಾ ಬೋಟು? ಕ್ಷೌರದಂಗಡಿ ಇಡ್ಲಿಕ್ಕೆ ಹೊರಟಿದ್ದೀಯಾ?" ಎಂದರು. ಮರುದಿನವೇ ಅದನ್ನು ಕಿತ್ತು ನಮ್ಮ ಕ್ಷೌರಿಕ ಬೂಬಣ್ಣನಿಗೆ ಕೊಟ್ಟುಬಿಟ್ಟೆ. ಅದಕ್ಕೂ ಬೈಗಳು: "ಗಟ್ಟಿ ಕುರ್ಚಿ, ದಾನ ಮಾಡಿದ ಕರ್ಣ!"

"ನಾನು ಹೋದ್ರೆ ನಿಮಗೆ ನೆಮ್ಮದಿ ಅಲ್ವಾ ಅತ್ತೆ?" ಎಂದೆ.

"ನೆಮ್ಮದಿ ಅಲ್ದೆ ಮತ್ತೆ? ನೀನು ಹೋದ ದಿನ ಪಾಯಸ ಮಾಡಿ ಉಣ್ತೇನೆ."

ನಾನು ಹೊರಟ ದಿನ ಊರೇ ಬಂದಿತ್ತು. ನಾನು ಅಕ್ಕಿ, ಬೇಳೆ, ಸೀಮೆಎಣ್ಣೆ ಸ್ಟೌ, ಎರಡು ಕಂಬಳಿ ತುಂಬಿಕೊಂಡೆ. ಮುನಿಸು ಕಟ್ಟಲು ನನಗೆ ಯಾರೂ ಇಲ್ಲವಲ್ಲ, ಎಲ್ಲರಿಗೂ ಕೈಮುಗಿದು ಹತ್ತಿದೆ. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಅದರ ಸದ್ದು ಕೇಳಿ ಪಾಸ್ಕು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ದಿನವಿಡೀ ದಕ್ಷಿಣಕ್ಕೆ ಹೋದೆ. ನೀರು ಶಾಂತವಾಗಿತ್ತು, ಬೋಟು ಒಂದಿಷ್ಟೂ ನಡುಗಲಿಲ್ಲ. ಸೂರ್ಯ ಮುಳುಗಿದ. ಈಗ ನೋಡುತ್ತೇನೆ, ಈಗ ನೋಡುತ್ತೇನೆ ಎಂದು ಮೈಯೆಲ್ಲ ಕಣ್ಣಾಗಿ ನಿಂತಿದ್ದೆ.

ಚುಕ್ಕಾಣಿ ಸಡಿಲವಾಯಿತು. ಮೂತಿ ನಿಧಾನವಾಗಿ ತಿರುಗಿತು.

ನಾನು ಬೈದೆ, ಚುಕ್ಕಾಣಿಗೆ ಜೋತುಬಿದ್ದೆ, ಎಂಜಿನ್ ಆರಿಸಿದೆ, ಮತ್ತೆ ಹಚ್ಚಿದೆ. ಬೋಟು ನಮ್ಮ ಊರಿನ ಕಡೆ ಎಮ್ಮೆಯ ಹಾಗೆಯೇ ನಡೆಯಿತು. ಬೋಟು ಕಟ್ಟುವ ದಕ್ಕೆಗೆ ಬಂದಾಗ ಲಾಟೀನು ಹಿಡಿದು ಸುಮಾರು ಮಂದಿ ನಿಂತಿದ್ದರು, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಯಾರು ಮಾರಾಯ ಅದು? ನಿನ್ನನ್ನು ಕಾಯುವವರು ಯಾರು?" ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಮುಸಿಮುಸಿ ನಕ್ಕರು. ಈ ವಯಸ್ಸಿನಲ್ಲಿ ನನ್ನ ಹೆಸರನ್ನು ಮೂರು ನಾಲ್ಕು ವಿಧವೆಯರ ಜೊತೆ ಸೇರಿಸಿ ಮಾತಾಡಿದರು, ಅದರಲ್ಲಿ ಇಬ್ಬರು ಬಂದು ನನಗೇ ಬೈದು ಹೋದರು.

ಶಾಫ್ಟು ಎಲ್ಲೋ ಸೊಟ್ಟಗಿರಬೇಕೆಂದು ನಾನು ವಾದಿಸಿದೆ. ಪಾಸ್ಕು ಮತ್ತೆ ಹೊಟ್ಟೆಯ ಮೇಲೆ ಮಲಗಿ ಎಲ್ಲವನ್ನೂ ಅಳೆದ, ಎಲ್ಲವೂ ನೆಟ್ಟಗಿತ್ತು. ಆಮೇಲೆ ಕುತ್ತಿಗೆ ಕೆರೆದುಕೊಳ್ಳುತ್ತಾ, "ನಂದೇ ಇರ್ಬಹುದು ಮಾರಾಯ" ಎಂದ. "ಎಂಜಿನ್ ಹೇಗೆ ಓಡಿತು ಅಂತ ನೋಡ್ಲಿಕ್ಕೆ ನಾನು ದಕ್ಕೆಯಲ್ಲೇ ಕೂತಿದ್ದೆ. ಕಾದ ಹಾಗೇ ಆಯ್ತಲ್ಲ."

ನನಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನೀನು ಕಾಯುದು ಬಿಡು."

"ಬಿಡು ಅಂದ್ರೆ ಬಿಡ್ಲಿಕ್ಕೆ ಆಗ್ತದಾ? ಮಾಡಿದ ಕೈ ಇದು. ಒಂದು ಕೆಲಸ ಮಾಡ್ತೇನೆ, ಮಧ್ಯಾಹ್ನವೇ ಕುಡಿದು ಮಲಗ್ತೇನೆ. ಕುಡಿದು ಮಲಗಿದವ ಯಾರಿಗೂ ಕಾಯುದಿಲ್ಲ."

ಸ್ನೇಹಕ್ಕಾಗಿ ಪಾಸ್ಕು ಅಷ್ಟು ಮಾಡಿದ. ಚೆನ್ನಾಗಿಯೇ ಕುಡಿದಿದ್ದ ಎಂದು ಅವನ ಹೆಂಡತಿ ಆಮೇಲೆ ನನ್ನನ್ನು ಹಿಡಿದು ಜಾಡಿಸಿದಳು. ಅಂದು ಬೆಳಗ್ಗೆ ನಾನು ದಕ್ಕೆಯ ಮೇಲೆ ನಿಂತು ಇಡೀ ಊರಿಗೆ ಮುನಿಸು ಕಟ್ಟಿದೆ. ಮೀನಿನ ತೂಕದಲ್ಲಿ ಮೋಸ ಮಾಡುವವರು, ಹೆಂಡತಿಗೆ ಹೆದರುವವರು, ಭಜನೆಯಲ್ಲಿ ಅಪಸ್ವರ ಹಾಡುವವರು, ಯಾರನ್ನೂ ಬಿಡಲಿಲ್ಲ. ಎಲ್ಲರೂ ಕೆಂಡಾಮಂಡಲವಾದರು. ಅತ್ತೆಯೊಬ್ಬರಿಗೆ ಮಾತ್ರ ಬೈಯಲಿಲ್ಲ. ಅವರ ಜೊತೆ ದಿನವೂ ಇದ್ದದ್ದೇ, ಪ್ರತ್ಯೇಕವಾಗಿ ಕಟ್ಟಲು ಏನುಂಟು ಎಂದುಕೊಂಡೆ. ಹೋದೆ. ದೀಪದ ಹೊತ್ತಿಗೆ ಬೋಟು ತಿರುಗಿತು.

ಈ ಸಲ ನಾಚಿಕೆಯಾಗಿ ದಕ್ಕೆಗೆ ಹೋಗದೆ ನೇರ ಮನೆಯ ಎದುರಿಗೇ ಬೋಟು ತಂದು ಲಂಗರು ಹಾಕಿದೆ. ಮೊಣಕಾಲು ನೀರಿನಲ್ಲಿ ಇಳಿದು ಹೊಯ್ಗೆ ಹತ್ತಿದಾಗ ಕಾಲಿಗೆ ಏನೋ ತಾಗಿತು. ಬಗ್ಗಿ ನೋಡಿದರೆ ಅತ್ತೆಯ ಚಾಪೆ. ಚಾಪೆಯ ತುಂಬ ಮೀನು ಹರಡಿದ ಹಾಗೇ ಇತ್ತು. ಮುಟ್ಟಿ ನೋಡಿದೆ, ಮಂಜು ಬಿದ್ದು ಮೆತ್ತಗಾಗಿತ್ತು. ಪಕ್ಕದ ಚಾಪೆಯೂ ಹಾಗೇ. ಒಣಮೀನಿಗೆ ಮಂಜು ತಾಗಿದರೆ ಹುಳ ಬೀಳುತ್ತದೆ, ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಹೊತ್ತು ಇಳಿಯುವ ಮೊದಲು ಚಾಪೆ ಮಡಚುವುದರಲ್ಲಿ ಮುಕಾಂಬು ಅತ್ತೆಯಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಜಲಜಳ ಹೆಣ ಅಂಗಳದಲ್ಲಿದ್ದ ದಿನವೂ ಹೊತ್ತಿಗೆ ಸರಿಯಾಗಿ ಎದ್ದು ಹೋಗಿ ಮೀನು ಎತ್ತಿಟ್ಟು ಬಂದಿದ್ದರು. ಅದಕ್ಕಾಗಿ ನಾನು ಅವರನ್ನು ಕಲ್ಲೆದೆಯವರು ಎಂದಿದ್ದೆ.

ತಲೆ ಎತ್ತಿದರೆ ಅತ್ತೆ ಅಲ್ಲೇ, ಅಂಗಳದ ಅಂಚಿನಲ್ಲಿ ನಿಂತಿದ್ದರು. ನಾನು ಮೀನಿನ ಕಡೆ ನೋಡಿದೆ, ಅವರೂ ನೋಡಿದರು. ಸಿಕ್ಕಿಬಿದ್ದೆ ಎಂದು ಅವರಿಗೆ ತಿಳಿಯಿತು.

"ಎಂತ ನೋಡುದು? ಸೊಂಟ ನೋವಿತ್ತು, ಎತ್ಲಿಲ್ಲ."

"ಅತ್ತೆ, ನೀವಾ?"

"ಎಂತ ನಾನು? ನಿನ್ನನ್ನು ಕಾಯ್ಲಿಕ್ಕೆ ನಂಗೆ ಹುಚ್ಚಾ? ನೀನು ಯಾರು ನಂಗೆ? ನನ್ನ ಮಗಳನ್ನು ಕೊಂದವ."

"ಕಷಾಯ ಕೊಟ್ಟವರು ನೀವು" ಎಂದೆ, ಅಭ್ಯಾಸಬಲದಿಂದ.

ಅವರು ಹೊಯ್ಗೆಯ ಮೇಲೆ ಕುಸಿದು ಕೂತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ನೀನು ಹೋದ್ರೆ ನಾನು ಯಾರ ಹತ್ರ ಜಗಳಾಡ್ಲಿ, ಹೇಳು" ಎಂದರು. "ಈ ಊರಲ್ಲಿ ಅವಳ ಹೆಸರು ಯಾರಾದ್ರೂ ಎತ್ತುತ್ತಾರಾ? ಪಾಪ ಅಂತ ಒಂದು ಸಲ ಹೇಳಿ ಮರೆತ್ರು. ನೀನೊಬ್ಬ ಸಂಜೆ ಗೋಡೆಯ ಆಚೆಯಿಂದ ಜಲಜ ಹಾಗೆ, ಜಲಜ ಹೀಗೆ ಅಂತ ಕೂಗ್ತೀಯಲ್ಲ, ಆಗ ಅವಳು ಒಳಗೆಲ್ಲೋ ಪಾತ್ರೆ ತೊಳೀತಿದ್ದಾಳೆ ಅಂತ ಅನಿಸ್ತದೆ ನಂಗೆ."

ಆ ಜಗಳಕ್ಕಾಗಿ ನಾನೂ ಸಂಜೆಯಾಗುವುದನ್ನೇ ನೋಡುತ್ತಿದ್ದೆ ಎನ್ನುವುದು ಆಗಲೇ ಹೊಳೆದದ್ದು. ಇಬ್ಬರೂ ಸೇರಿ ಕತ್ತಲಲ್ಲಿ ಕೈಗೆ ಸಿಕ್ಕಷ್ಟು ಮೀನು ಎತ್ತಿದೆವು. ಅರ್ಧಕ್ಕರ್ಧ ಕೆಟ್ಟಿತ್ತು.

ಅತ್ತೆ ಅಭಿಮಾನದ ಹೆಂಗಸು. ಬೆಳಗಾಗುವಷ್ಟರಲ್ಲಿ ಕಣ್ಣೊರೆಸಿಕೊಂಡು ಬಂದು, "ಇವತ್ತೇ ಹೊರಡು, ನಾನು ಕಾಯುದಿಲ್ಲ" ಎಂದರು. "ಕಷ್ಟಪಟ್ಟು ಮಾಡಿದ ಬೋಟು. ನನ್ನಿಂದಾಗಿ ಅದು ಇಲ್ಲೇ ಕೊಳೀಬಾರ್ದು. ನಾನು ಗುಡ್ಡದಾಚೆ ನನ್ನ ತಂಗಿ ಮನೆಗೆ ಹೋಗ್ತೇನೆ. ಅಲ್ಲಿಂದ ಸಮುದ್ರ ಕಾಣುದೂ ಇಲ್ಲ, ಕೇಳುದೂ ಇಲ್ಲ." ನಾನು ಬೇಡವೆಂದೆ. ಕೇಳಲಿಲ್ಲ. ನನ್ನ ಕಣ್ಣೆದುರೇ ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೆ ಹಾಕಿಕೊಂಡು, ಹಿಂದಿರುಗಿ ನೋಡದೆ ನಡೆದರು.

ನಾನೂ ಬೋಟು ಹತ್ತಿ ಹೊರಟೆ. ಆ ಸಂಜೆ ದೀಪದ ಹೊತ್ತು ಬಂತು, ಕಳೆಯಿತು. ಬೋಟು ಮುಂದೆ ಹೋಗುತ್ತಲೇ ಇತ್ತು. ಆಕಾಶದಲ್ಲಿ ಒಂದು ಚುಕ್ಕಿ ಕಂಡಿತು, ಇನ್ನೊಂದು ಕಂಡಿತು, ದಡ ಕರಗಿಹೋಯಿತು. ಇಷ್ಟು ದಿನ ಬಯಸಿದ್ದು ಎದುರಿಗಿತ್ತು. ಆದರೆ ನಾನು ಚುಕ್ಕಾಣಿಯನ್ನು ಹಿಡಿದುಕೊಂಡು, ಇನ್ನೂ ಏಕೆ ತಿರುಗಲಿಲ್ಲ, ಇನ್ನೂ ಏಕೆ ತಿರುಗಲಿಲ್ಲ ಎಂದು ಒದ್ದಾಡುತ್ತಿದ್ದೆ. ಅತ್ತೆಗೆ ಏನಾದರೂ ಆಯಿತೇ? ದಾರಿಯಲ್ಲಿ ಬಿದ್ದರೇ? ನಾನೇ ಕೈಯಾರೆ ತಿರುಗಿಸಬೇಕು ಎನ್ನುವಷ್ಟರಲ್ಲಿ ಚುಕ್ಕಾಣಿ ಸಡಿಲವಾಯಿತು. ಅಷ್ಟು ಸಮಾಧಾನ ನನಗೆ ಬೇರೆ ಯಾವುದರಿಂದಲೂ ಆಗಿಲ್ಲ. ಒಬ್ಬನೇ ನಿಂತು ಗಟ್ಟಿಯಾಗಿ ನಕ್ಕೆ, ಆಮೇಲೆ ಕಣ್ಣೀರು ಹಾಕಿದೆ.

ದಡದಲ್ಲಿ ಅವರು ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗುಡ್ಡ ಹತ್ತಿ ಇಳಿದು ಓಡಿ ಬಂದಿದ್ದರು, ಸೆರಗಿನ ತುಂಬ ಮುಳ್ಳು.

"ಆಗುದಿಲ್ಲ ಮಾರಾಯ" ಎಂದರು, ತಪ್ಪು ಮಾಡಿದವರ ಹಾಗೆ. "ನಾನು ನೋಡಿದೆ. ತಂಗಿಯ ಮೊಮ್ಮಕ್ಕಳನ್ನು ಆಡಿಸಿದೆ, ಹಾಡು ಹೇಳಿದೆ, ನಿನ್ನನ್ನು ಮರ್ತೇ ಬಿಟ್ಟಿದ್ದೆ. ಊಟಕ್ಕೆ ಕೂತೆ. ಒಂದು ತುತ್ತು ಬಾಯಿಗಿಟ್ಟೆ, ನೀನು ಎಂತ ತಿಂದ್ಯೋ ಅಂತ ಬಂತು. ಅಷ್ಟೇ."

"ಹಾಗಾದ್ರೆ ನೀವೂ ಬನ್ನಿ ಅತ್ತೆ. ಮಂಚ ಎರಡುಂಟು."

ಈ ಮಾತಿಗೆ ಅವರು ನನಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಅಳಿಯನ ಜೊತೆ ಅತ್ತೆ ಬೋಟಿನಲ್ಲಿ ಊರೂರು ಸುತ್ತುವುದೇ? ಜನ ಏನೆಂದಾರು? ವಾಂತಿ ಬಂದರೆ? ಸತ್ತರೆ? ಆ ವಾರವೆಲ್ಲ ಗೋಡೆಯ ಆಚೆಯಿಂದ ಬೈಗಳು ಬರುತ್ತಲೇ ಇದ್ದವು. ಬರುಬರುತ್ತಾ ಬೈಗಳ ನಡುವೆ ಪ್ರಶ್ನೆಗಳು ಸೇರಿಕೊಂಡವು. ಕಕ್ಕಸಿಗೆ ಬಾಗಿಲು ಉಂಟಾ? ಆ ಮಂಚದ ಮೇಲೆ ಕೂತರೆ ತಲೆ ತಾಗುವುದಿಲ್ಲವಾ? ಉಪ್ಪುನೀರಿನಲ್ಲಿ ಸೀರೆ ಒಗೆಯಬೇಕಾ? ನಾನೂ ಪಾಸ್ಕುವೂ ಕಕ್ಕಸಿಗೆ ಬಾಗಿಲು ಮಾಡಿ, ಒಳಗಿನಿಂದ ಚಿಲಕ ಇಟ್ಟೆವು. ಸಿಹಿನೀರಿಗೆ ಇನ್ನೊಂದು ಟ್ಯಾಂಕು ಕೂರಿಸಿದೆವು, ಅದರಿಂದ ಬೋಟು ಎಡಕ್ಕೆ ವಾಲಿತು, ಬಲಕ್ಕೆ ಅಕ್ಕಿಯ ಮೂಟೆ ಇಟ್ಟು ಸರಿ ಮಾಡಿದೆವು. ಒಂದು ಬೆಳಗ್ಗೆ ಅತ್ತೆ ಒಣಮೀನಿನ ಬುಟ್ಟಿ, ಅರೆಯುವ ಕಲ್ಲು ಹೊರಿಸಿಕೊಂಡು ಬಂದು, ಯಾರ ಮುಖವನ್ನೂ ನೋಡದೆ ಬೋಟು ಹತ್ತಿ ಕೂತರು.

ಊರಿನವರು ಯಾರೂ ಏನೂ ಅನ್ನಲಿಲ್ಲ. ಪಾಸ್ಕು ಹಗ್ಗ ಬಿಚ್ಚುತ್ತಾ, "ನಾನು ಮಧ್ಯಾಹ್ನವೇ ಶುರು ಮಾಡ್ತೇನೆ ಮಾರಾಯ" ಎಂದ. ಅವನ ಹೆಂಡತಿ ಕೇಳಿಸಿಕೊಂಡಳು.

ಸಂಜೆ ನಾನು ಚುಕ್ಕಾಣಿಯಲ್ಲಿದ್ದೆ, ಅತ್ತೆ ಹಿಂದೆ ದಡದ ಕಡೆ ಮುಖ ಮಾಡಿ ಕೂತಿದ್ದರು. ಸೂರ್ಯ ಮುಳುಗಿದ. ಚುಕ್ಕಾಣಿ ಬಿಗಿಯಾಗಿಯೇ ಇತ್ತು. ನೀರು ಕಪ್ಪಾಯಿತು, ಚುಕ್ಕಿಗಳು ಒಂದೊಂದಾಗಿ ಬಂದವು, ಬೋಟು ನೇರ ಹೋಯಿತು.

"ತಿರುಗ್ಲಿಲ್ವಾ?" ಎಂದು ಅತ್ತೆ ಕೇಳಿದರು.

"ಇಲ್ಲ."

"ಹಾಗಾದ್ರೆ ಅಲ್ಲಿ ಯಾರೂ ಇಲ್ಲ ಇನ್ನು."

"ಯಾರೂ ಇಲ್ಲ ಅತ್ತೆ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. ನಾನೂ ಹಿಂದಿರುಗಿ ದಡವಿದ್ದ ಕಡೆ ನೋಡಿದೆ. ಬೇಕೆಂದು ಹೊರಟವನಿಗೇ ಹೀಗಾದರೆ ಅವರಿಗೆ ಹೇಗಾಗಿರಬೇಡ? ಸ್ವಲ್ಪ ಹೊತ್ತಿನ ಮೇಲೆ ಒಳಗೆ ಸ್ಟೌ ಹಚ್ಚುವ ಸದ್ದು ಕೇಳಿಸಿತು. ಬಂಗುಡೆ ಹುರಿಯುವ ವಾಸನೆ ಬಂತು, ಅದರ ಹಿಂದೆಯೇ, ಜಲಜಳಿಗೆ ಇದೇ ಇಷ್ಟವಾಗಿತ್ತು ಎನ್ನುವ ಮಾತೂ ಬಂತು. ಬೂತಾಯಿ ಎಂದು ನಾನು ಕೂಗಿದೆ.

ಹೀಗೆ ಹಲವು ಬಂದರು ದಾಟಿದೆವು. ಎಂಜಿನ್ ಒಂದು ದಿನವೂ ಕೈಕೊಡಲಿಲ್ಲ. ಅತ್ತೆಗೆ ಮೊದಮೊದಲು ವಾಂತಿಯಾಯಿತು, ಆಮೇಲೆ ನನಗಿಂತ ಚೆನ್ನಾಗಿ ಕಾಲೂರಿ ನಿಂತರು. ಮಾತು ಗೊತ್ತಿಲ್ಲದ ಊರುಗಳಲ್ಲಿ ಕೈಸನ್ನೆಯಲ್ಲೇ ಚೌಕಾಶಿ ಮಾಡಿ ಒಣಮೀನು ಮಾರಿದರು. ಒಂದು ಬಂದರಿನಲ್ಲಿ ಲಂಗರು ಹಾಕಿದಾಗ, ಮೀನು ತಿಂದು ತಿಂದು ನಾಲಿಗೆ ಸತ್ತಿದೆ, ಬದನೆಕಾಯಿ ತಾ ಎಂದು ನನ್ನನ್ನು ಪೇಟೆಗೆ ಕಳಿಸಿದರು. ಆ ಊರು ಎಷ್ಟು ದೂರದ್ದೆಂದರೆ, ನಮ್ಮ ಊರಿನ ಹೆಸರು ಹೇಳಿದರೆ ಯಾರೂ ಕೇಳಿರಲಿಲ್ಲ. ಅಲ್ಲಿ ಬೋಟುಗಳು ಕತ್ತಲಾದ ಮೇಲೆಯೂ ಕಡಲಿಗೆ ಹೊರಡುತ್ತಿದ್ದವು, ಯಾವುದೂ ತಾನಾಗಿ ತಿರುಗುತ್ತಿರಲಿಲ್ಲ. ಪೇಟೆಯಲ್ಲಿ ದೀಪ ಹಚ್ಚುವ ಹೊತ್ತಾದದ್ದೇ ತಡ, ಬದನೆಕಾಯಿ ಆರಿಸುತ್ತಿದ್ದ ನನ್ನ ಕಾಲುಗಳು ಮಾತ್ರ ತಾವಾಗಿಯೇ ಅತ್ತೆ ಕಾಯುತ್ತಿದ್ದ ಬೋಟಿನ ಕಡೆ ತಿರುಗಿದವು.